ಬೆಂಗಳೂರು ಪೊಲೀಸರ ಹಳೆಯ ಕಡತಗಳನ್ನು ಗುಜರಿಗೆ ಹಾಕುವ ಮುನ್ನ

ಸಂಪಾದಕರಿಗೆ,

ಮಾನ್ಯರೇ,

ರಾಜ್ಯದ ಕಾನ್‌ಸ್ಟೆಬಲ್ ಮತ್ತು ಹೆಡ್ ಕಾನ್‌ಸ್ಟೆಬಲ್‌ಗಳ ಸ್ಲೋಚ್ ಹ್ಯಾಟ್ ಹೋಗಿ ಕಡು ನೀಲಿ ಬಣ್ಣದ ಪೀಕ್ ಕ್ಯಾಪ್ ಬಂದ 2025ರ ಅಕ್ಟೋಬರ್‌ನಲ್ಲಿ, ಬೆಂಗಳೂರಿನ ಪೊಲೀಸರ ಚರಿತ್ರೆಯ ಬಗ್ಗೆ ಪತ್ರಿಕೆಗಳಲ್ಲಿ ಕೆಲವು ದಿನ ಒಳ್ಳೆಯ ಚರ್ಚೆ ನಡೆಯಿತು. ಬಿಸಿಲಿಗೂ ಮಳೆಗೂ ಹೊಂದದ, ಓಡುವಾಗ ತಲೆಯ ಮೇಲೆ ನಿಲ್ಲದ ಆ ಟೋಪಿ ಬದಲಾದದ್ದು ಸರಿಯಾಗಿಯೇ ಇದೆ. ಅದನ್ನು ಧರಿಸಿ ಹಗಲೂ ರಾತ್ರಿ ದುಡಿದವರೇ ಬೇಡವೆಂದ ಮೇಲೆ ನಮ್ಮಂಥವರು ಹಳೆಯ ನೆನಪಿನ ಹೆಸರಿನಲ್ಲಿ ತಕರಾರು ತೆಗೆಯಬಾರದು. ಆದರೆ ಟೋಪಿಗೆ ಸಿಕ್ಕ ಗಮನದ ಒಂದು ಪಾಲಾದರೂ ಈ ಇಲಾಖೆಯ ಕಾಗದಪತ್ರಗಳಿಗೆ ಸಿಗಬೇಕಿತ್ತು. ನಗರದ ಠಾಣೆಗಳು ಒಂದೊಂದಾಗಿ ಹಳೆಯ ಕಟ್ಟಡ ಬಿಟ್ಟು ಹೊಸ ಕಟ್ಟಡ ಸೇರುತ್ತಿವೆ, ದಾಖಲೆಗಳು ಕಂಪ್ಯೂಟರಿಗೆ ಹೋಗುತ್ತಿವೆ. ಅವಧಿ ಮುಗಿದ ಕಡತಗಳನ್ನು ನಾಶಪಡಿಸುವ ಪದ್ಧತಿ ಇಲಾಖೆಯಲ್ಲಿ ಮೊದಲಿನಿಂದಲೂ ಇದೆ. ಈ ಮೂರೂ ಒಟ್ಟಿಗೆ ನಡೆಯುತ್ತಿರುವ ಈ ಹೊತ್ತಿನಲ್ಲಿ, ಬೆಂಗಳೂರು ನಗರ ಪೊಲೀಸ್ ಎಂಬ ಸಂಸ್ಥೆ ಹೇಗೆ ಬೆಳೆಯಿತೆಂದು ಹೇಳಬಲ್ಲ ಮೂಲ ಸಾಕ್ಷ್ಯಗಳು ನಮ್ಮ ಕಣ್ಣೆದುರೇ ಕಳೆದುಹೋಗುವ ಭಯವಿದೆ. ಅದನ್ನು ತಡೆಯಲು ಇನ್ನೂ ಸಮಯವಿದೆ ಎಂಬ ನಂಬಿಕೆಯಿಂದ ಈ ಪತ್ರ ಬರೆಯುತ್ತಿದ್ದೇನೆ.

ಬೆಂಗಳೂರಿನ ಪೊಲೀಸ್ ಚರಿತ್ರೆಯನ್ನು ಸಾಮಾನ್ಯವಾಗಿ 1963ರಿಂದ ಎಣಿಸುತ್ತಾರೆ, ಏಕೆಂದರೆ ಪೊಲೀಸ್ ಕಮಿಷನರ್ ಹುದ್ದೆ ಸೃಷ್ಟಿಯಾಗಿ ಸಿ. ಚಾಂಡಿ ಅವರು ಮೊದಲ ಕಮಿಷನರ್ ಆದದ್ದು ಆ ವರ್ಷ. ಆಡಳಿತದ ದೃಷ್ಟಿಯಿಂದ ಇದು ಸರಿ. ಚರಿತ್ರೆಯ ದೃಷ್ಟಿಯಿಂದ ಇದು ತೀರ ಮೊಟಕಾದ ಲೆಕ್ಕ. ಊರಿನ ಠಾಣೆಗಳ ಹೆಸರುಗಳನ್ನೇ ಗಮನಿಸಿ. ಹಲಸೂರು ಗೇಟ್ ಠಾಣೆ ಇರುವುದು ಹಲಸೂರಿನಲ್ಲಲ್ಲ, ಪೇಟೆಯ ಕೋಟೆಯಿಂದ ಹಲಸೂರಿನ ಕಡೆಗೆ ತೆರೆದಿದ್ದ ಬಾಗಿಲಿನ ಬಳಿ. ಆ ಬಾಗಿಲು ಕಣ್ಮರೆಯಾಗಿ ಎಷ್ಟೋ ಕಾಲವಾದರೂ ಠಾಣೆಯ ಫಲಕದಲ್ಲಿ ಅದು ಇಂದಿಗೂ ಇದೆ. ಉಪ್ಪಾರಪೇಟೆ, ಕಾಟನ್‌ಪೇಟೆ, ಚಿಕ್ಕಪೇಟೆ, ಕಲಾಸಿಪಾಳ್ಯ ಎಂಬ ಠಾಣೆಗಳು ಹಳೆಯ ಪೇಟೆಯ ಕಸುಬು ಮತ್ತು ವ್ಯಾಪಾರದ ನಕ್ಷೆಯನ್ನು ತಮ್ಮ ಹೆಸರಿನಲ್ಲೇ ಹೊತ್ತಿವೆ. ಕಬ್ಬನ್ ಪಾರ್ಕ್, ಕಮರ್ಷಿಯಲ್ ಸ್ಟ್ರೀಟ್, ಹೈಗ್ರೌಂಡ್ಸ್ ಎಂಬ ಹೆಸರುಗಳದು ಬೇರೆಯದೇ ಜಗತ್ತು. ಒಂದೇ ಕಮಿಷನರ್ ಕಚೇರಿಗೆ ಸೇರಿದ ಈ ಎರಡು ಬಗೆಯ ಹೆಸರುಗಳು ಒಂದು ಕಾಲದಲ್ಲಿ ಎರಡು ಬೇರೆ ಬೇರೆ ಸರ್ಕಾರಗಳ ಎಲ್ಲೆಗೆ ಸೇರಿದ್ದವು ಎಂಬುದು ನಗರದ ಹೊಸ ತಲೆಮಾರಿಗೆ ತಿಳಿದೇ ಇಲ್ಲ.

ಪೊಲೀಸ್ ಎಂಬ ವ್ಯವಸ್ಥೆ ಬರುವ ಮೊದಲೂ ಕಾವಲಿತ್ತು. ಹಳ್ಳಿಗಳಲ್ಲಿ ತಳವಾರ, ತೋಟಿಗಳು ಆಯಗಾರರಾಗಿ ಊರಿನ ಕಾವಲನ್ನೂ ಅಪರಿಚಿತರ ಮೇಲಿನ ನಿಗಾವನ್ನೂ ನೋಡಿಕೊಂಡು, ಪ್ರತಿಫಲವಾಗಿ ಸುಗ್ಗಿಯಲ್ಲಿ ಧಾನ್ಯವನ್ನೋ ಇನಾಮು ಭೂಮಿಯನ್ನೋ ಪಡೆಯುತ್ತಿದ್ದರು. ಪಟ್ಟಣಗಳಲ್ಲಿ ಕಾವಲಿನ ಮುಖ್ಯಸ್ಥನಾಗಿ ಕೊತ್ವಾಲನಿದ್ದ. ಮೈಸೂರು ಸಂಸ್ಥಾನದಲ್ಲಿ ಕಂದಾಚಾರದ ಪೇದೆಗಳೆಂಬ ದಳವಿದ್ದು, ಅದು ಅರ್ಧ ಸೈನ್ಯ, ಅರ್ಧ ಪೊಲೀಸ್ ಎನ್ನುವಂತಿತ್ತು. ಕಂದಾಯ ವಸೂಲಿಗೆ ಬೆಂಬಲವಾಗಿ ನಿಲ್ಲುವುದೂ ಕಳ್ಳರನ್ನು ಹಿಡಿಯುವುದೂ ಅದೇ ಪೇದೆಗಳ ಕೆಲಸವಾಗಿತ್ತು. 1831ರಲ್ಲಿ ಬ್ರಿಟಿಷರು ಸಂಸ್ಥಾನದ ಆಡಳಿತವನ್ನು ಕೈಗೆ ತೆಗೆದುಕೊಂಡ ಮೇಲೆ, ಸಂಸ್ಥಾನದ ಆಡಳಿತ ನಡೆಸಿದ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕಾಲದಲ್ಲಿ ಹಳೆಯ ವ್ಯವಸ್ಥೆಯ ಬಹುಪಾಲನ್ನು ಉಳಿಸಿಕೊಂಡೇ ಆಡಳಿತ ನಡೆಯಿತು. 1862ರಿಂದ 1870ರವರೆಗೆ ಅದೇ ಹುದ್ದೆಯಲ್ಲಿದ್ದ ಲೆವಿನ್ ಬೌರಿಂಗ್ ಕಾಲದಲ್ಲಿ ಬ್ರಿಟಿಷ್ ಇಂಡಿಯಾದ ಮಾದರಿಯ ಇಲಾಖೆಗಳು ಒಂದೊಂದಾಗಿ ಬಂದವು. ಈಗ ನಾವು ಕಾಣುವ ಶ್ರೇಣಿ, ಸಮವಸ್ತ್ರ, ಕವಾಯತು, ದಿನಚರಿ ಪುಸ್ತಕ ಇವೆಲ್ಲದರ ಬೇರು ಇರುವುದು 1857ರ ದಂಗೆಯ ನಂತರ ಬಂದ 1861ರ ಪೊಲೀಸ್ ಕಾಯ್ದೆಯಲ್ಲಿ. ಜನರನ್ನು ಕಾಯುವುದಕ್ಕಿಂತ ಆಳುವವರನ್ನು ಕಾಯುವುದು ಆ ಕಾಯ್ದೆಯ ಮುಖ್ಯ ಚಿಂತೆಯಾಗಿತ್ತು. ಇಂದಿನ ಪೊಲೀಸ್ ವ್ಯವಸ್ಥೆಯ ಬಗ್ಗೆ ನಾವು ಆಡುವ ಎಷ್ಟೋ ದೂರುಗಳು ಹುಟ್ಟಿದ್ದು ಅಲ್ಲಿಯೇ.

1881ರಲ್ಲಿ ಸಂಸ್ಥಾನವನ್ನು ಚಾಮರಾಜೇಂದ್ರ ಒಡೆಯರಿಗೆ ಹಿಂದಿರುಗಿಸಿದಾಗ ಬ್ರಿಟಿಷರು ಒಂದು ತುಂಡು ನೆಲವನ್ನು ಮಾತ್ರ ತಮ್ಮಲ್ಲೇ ಇಟ್ಟುಕೊಂಡರು. ಅದು 1809ರಿಂದ ಬೆಳೆದುಬಂದಿದ್ದ ದಂಡು ಪ್ರದೇಶ, ಅಂದರೆ ಕಂಟೋನ್ಮೆಂಟ್. ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂಬ ಹೆಸರಿನಲ್ಲಿ ಅದು ಸಂಸ್ಥಾನದಲ್ಲಿದ್ದ ಬ್ರಿಟಿಷ್ ಪ್ರತಿನಿಧಿ ರೆಸಿಡೆಂಟರ ಆಡಳಿತಕ್ಕೆ ಒಳಪಟ್ಟಿತು. ಅಂದಿನಿಂದ 1947ರ ಜುಲೈ 26ರಂದು ಮೈಸೂರಿಗೆ ಮರಳುವವರೆಗೆ, ಅಂದರೆ 66 ವರ್ಷ ಕಾಲ, ಬೆಂಗಳೂರಿನಲ್ಲಿ ಎರಡು ಪೊಲೀಸ್ ವ್ಯವಸ್ಥೆಗಳಿದ್ದವು. ಪೇಟೆಯ ಕಡೆಯವರು ಮಹಾರಾಜರ ಸರ್ಕಾರದ ಪೊಲೀಸರು, 1885ರಲ್ಲಿ ಎಲ್. ರಿಕೆಟ್ಸ್ ಸಂಸ್ಥಾನದ ಮೊದಲ ಇನ್‌ಸ್ಪೆಕ್ಟರ್ ಜನರಲ್ ಆದ ಮೇಲೆ ಒಂದೇ ಇಲಾಖೆಯಾಗಿ ಗಟ್ಟಿಗೊಂಡವರು. ದಂಡಿನ ಕಡೆ ಬೇರೆ ಮ್ಯಾಜಿಸ್ಟ್ರೇಟರು, ಬೇರೆ ಕೋರ್ಟು, ಬೇರೆ ಪೊಲೀಸರು. ನಡುವಿನ ಗಡಿ ಕಬ್ಬನ್ ಪಾರ್ಕಿನ ಆಸುಪಾಸಿನಲ್ಲಿ ಹಾದುಹೋಗುತ್ತಿತ್ತು. ಅವಿನ್ಯೂ ರಸ್ತೆಯಲ್ಲಿ ಗಂಟು ಕದ್ದವನೊಬ್ಬ ಪಾರ್ಕು ದಾಟಿ ಆಗ ಬ್ಲಾಕ್‌ಪಳ್ಳಿ ಎನ್ನಿಸಿಕೊಂಡಿದ್ದ ಇಂದಿನ ಶಿವಾಜಿನಗರದ ಗಲ್ಲಿಗಳನ್ನು ಸೇರಿದರೆ, ನಡೆದದ್ದು ಒಂದೆರಡು ಮೈಲಿಯಾದರೂ ದಾಟಿದ್ದು ಒಂದು ರಾಜ್ಯದ ಎಲ್ಲೆಯನ್ನು.

ಇದು ಬರಿಯ ಕುತೂಹಲದ ಸಂಗತಿಯಲ್ಲ. ಎರಡು ಆಡಳಿತಗಳೆಂದರೆ ಎರಡು ಬಗೆಯ ಕಡತಗಳು, ಎರಡು ಬಗೆಯ ಭಾಷಾ ರೂಢಿ, ಜನರ ಬಗ್ಗೆ ಎರಡು ಬಗೆಯ ಗ್ರಹಿಕೆ. ಪೇಟೆಯಲ್ಲಿ ಕನ್ನಡ, ತೆಲುಗು, ಮರಾಠಿ ಆಡುವವರು ಹೆಚ್ಚಾಗಿದ್ದರೆ ದಂಡಿನಲ್ಲಿ ತಮಿಳು, ಉರ್ದು, ಇಂಗ್ಲಿಷ್ ಕೇಳಿಬರುತ್ತಿತ್ತು. ದಂಡಿನ ಪೊಲೀಸರಿಗೆ ಸೈನಿಕರ ಬಿಡಾರಗಳು, ಅವುಗಳ ಸುತ್ತ ಬೆಳೆದ ಬಜಾರುಗಳು, ಹೆಂಡದಂಗಡಿಗಳು ದಿನನಿತ್ಯದ ಚಿಂತೆಯಾಗಿದ್ದರೆ, ಪೇಟೆಯ ಪೊಲೀಸರಿಗೆ ಕಿಕ್ಕಿರಿದ ಓಣಿಗಳು, ಸಂತೆ, ಜಾತ್ರೆ, ಸಾಹುಕಾರರ ಮಳಿಗೆಗಳು. 1949ರಲ್ಲಿ ಎರಡು ಪುರಸಭೆಗಳು ಒಂದಾಗಿ ನಗರಪಾಲಿಕೆ ರೂಪುಗೊಂಡ ಕಥೆಯನ್ನು ನಮ್ಮ ಚರಿತ್ರಕಾರರು ಚೆನ್ನಾಗಿಯೇ ಬರೆದಿದ್ದಾರೆ. ಎರಡು ಪೊಲೀಸ್ ವ್ಯವಸ್ಥೆಗಳು ಒಂದಾದ ಕಥೆಯನ್ನು ಸಾಮಾನ್ಯ ಓದುಗರ ಕೈಗೆಟಕುವಂತೆ ಕನ್ನಡದಲ್ಲಿ ಬರೆದದ್ದನ್ನು ನಾನು ಕಂಡಿಲ್ಲ. ಬೇರೆ ಬೇರೆ ಒಡೆಯರ ಕೆಳಗೆ ದುಡಿದವರು ಒಂದೇ ರೋಲ್ ಕಾಲ್‌ಗೆ ನಿಂತಾಗ ಯಾರ ಸೇವಾ ಹಿರಿತನ ಹೇಗೆ ಲೆಕ್ಕವಾಯಿತು, ಯಾವ ರಿಜಿಸ್ಟರುಗಳು ಉಳಿದವು, ಯಾವ ನಿಯಮಗಳು ಗೆದ್ದವು? ಇವಕ್ಕೆ ಉತ್ತರ ಇರಬಹುದಾದ ಕಾಗದಗಳು ದೆಹಲಿಯ ರಾಷ್ಟ್ರೀಯ ಪತ್ರಾಗಾರದ ಮೈಸೂರು ರೆಸಿಡೆನ್ಸಿ ಕಡತಗಳಲ್ಲಿ, ವಿಧಾನಸೌಧದಲ್ಲಿರುವ ನಮ್ಮ ರಾಜ್ಯ ಪತ್ರಾಗಾರದಲ್ಲಿ ಮತ್ತು ನಮ್ಮದೇ ಹಳೆಯ ಠಾಣೆಗಳ ಅಟ್ಟದ ಮೇಲೆ ಹಂಚಿಹೋಗಿವೆ. ಮೊದಲ ಎರಡು ಕಡೆ ಅವು ಸುರಕ್ಷಿತವಾಗಿವೆ. ನನಗೆ ಚಿಂತೆಯಿರುವುದು ಮೂರನೆಯದರ ಬಗ್ಗೆ.

ಠಾಣೆಯ ಕಡತ ಎಂದರೆ ಕಳ್ಳತನ, ಹೊಡೆದಾಟಗಳ ಪಟ್ಟಿ ಎಂದೇ ಹಲವರ ಭಾವನೆ. ವಾಸ್ತವದಲ್ಲಿ ಊರಿನ ಬದುಕಿನ ಬಗ್ಗೆ ಸ್ಟೇಷನ್ ಡೈರಿಯಷ್ಟು ಹತ್ತಿರದಿಂದ, ಅಷ್ಟು ನಿಯಮಿತವಾಗಿ ಬರೆದ ದಾಖಲೆ ಇನ್ನೊಂದಿಲ್ಲ. 1898ರ ಪ್ಲೇಗನ್ನೇ ತೆಗೆದುಕೊಳ್ಳೋಣ. ಆ ವರ್ಷ ಬೆಂಗಳೂರಿಗೆ ಮಹಾಮಾರಿ ಬಂದಾಗ, ಹಿಂದೆ ಸಂಸ್ಥಾನದ ಪೊಲೀಸ್ ಇನ್‌ಸ್ಪೆಕ್ಟರ್ ಜನರಲ್ ಆಗಿ ಕೆಲಸ ಮಾಡಿದ್ದ, ಮುಂದೆ ದಿವಾನರಾದ ವಿ.ಪಿ. ಮಾಧವರಾಯರನ್ನು ಪ್ಲೇಗ್ ಕಮಿಷನರ್ ಆಗಿ ನೇಮಿಸಲಾಯಿತು. ಪ್ಲೇಗ್ ನಿಯಂತ್ರಣದ ಕೆಲಸಕ್ಕೆಂದೇ ನಗರದಲ್ಲಿ ಟೆಲಿಫೋನ್ ತಂತಿ ಎಳೆದರು. ಬಸವನಗುಡಿ, ಮಲ್ಲೇಶ್ವರದಂಥ ಬಡಾವಣೆಗಳು ಬೇಗ ಬೆಳೆದದ್ದು ಅದೇ ಕಾರಣದಿಂದ. ಈ ಎಲ್ಲವನ್ನೂ ನಾವು ನಗರ ಯೋಜನೆಯ, ವೈದ್ಯಕೀಯದ ಚರಿತ್ರೆಯಾಗಿ ಓದುತ್ತೇವೆ. ಆದರೆ ಮನೆ ಖಾಲಿ ಮಾಡಿಸಲು ಬಾಗಿಲು ತಟ್ಟಿದವರು, ರೈಲು ನಿಲ್ದಾಣದಲ್ಲಿ ಪ್ರಯಾಣಿಕರನ್ನು ತಡೆದು ನಿಲ್ಲಿಸಿದವರು, ಜನರ ಸಿಟ್ಟಿಗೆ ಮೊದಲು ಗುರಿಯಾದವರು ಕೆಳದರ್ಜೆಯ ಪೇದೆಗಳೇ ಆಗಿರುತ್ತಾರೆ. 2020ರ ಲಾಕ್‌ಡೌನ್‌ನಲ್ಲಿ ಬ್ಯಾರಿಕೇಡಿನ ಎರಡೂ ಬದಿ ನಿಂತ ಅನುಭವವಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೂರಿಪ್ಪತ್ತು ವರ್ಷಗಳ ಹಿಂದೆ ಅದೇ ಕೆಲಸ ಮಾಡಿದ ಪೇದೆ ಏನು ಬರೆದಿಟ್ಟ ಎಂದು ತಿಳಿದಿದ್ದರೆ ನಮಗೆ ಎಷ್ಟು ಪ್ರಯೋಜನವಾಗುತ್ತಿತ್ತು! ಅದೇ ರೀತಿ, 1905ರಲ್ಲಿ ಶಿವನಸಮುದ್ರದ ವಿದ್ಯುತ್ತಿನಿಂದ ಬೀದಿ ದೀಪ ಬೆಳಗಿದ ದಿನವನ್ನು ನಗರ ಹೆಮ್ಮೆಯಿಂದ ನೆನೆಯುತ್ತದೆ. ಆ ದೀಪದಿಂದ ರಾತ್ರಿ ಗಸ್ತು ಹೇಗೆ ಬದಲಾಯಿತೆಂದು ಯಾರೂ ಕೇಳಿದಂತಿಲ್ಲ.

ಈ ಚರಿತ್ರೆಯಲ್ಲಿ ಹೆಮ್ಮೆಪಡುವಂಥದ್ದೂ ಇದೆ, ತಲೆ ತಗ್ಗಿಸಬೇಕಾದದ್ದೂ ಇದೆ. ಎರಡನ್ನೂ ಉಳಿಸಬೇಕೆಂಬುದು ನನ್ನ ಆಗ್ರಹ. 1902–03ರಲ್ಲಿ ಆಂಡ್ರ್ಯೂ ಫ್ರೇಸರ್ ಅಧ್ಯಕ್ಷತೆಯ ಪೊಲೀಸ್ ಆಯೋಗವು, ಇಂಡಿಯಾದ ಪೊಲೀಸ್ ವ್ಯವಸ್ಥೆ ದಕ್ಷತೆಯಿಂದ ದೂರವಿದೆ, ಜನರ ಕಣ್ಣಿನಲ್ಲಿ ಅದು ಭ್ರಷ್ಟವೂ ದಬ್ಬಾಳಿಕೆಯದೂ ಆಗಿದೆ ಎಂದು ಬರೆಯಿತು. (ನಮ್ಮ ಫ್ರೇಸರ್ ಟೌನ್‌ಗೆ ಹೆಸರು ಕೊಟ್ಟವರು ಬೇರೆ ಫ್ರೇಸರ್, ಅವರು ಮೈಸೂರಿನ ರೆಸಿಡೆಂಟ್ ಆಗಿದ್ದ ಸ್ಟುವರ್ಟ್ ಫ್ರೇಸರ್.) ಸ್ವತಃ ಬ್ರಿಟಿಷ್ ಸರ್ಕಾರವೇ ನೇಮಿಸಿದ ಆಯೋಗದ ಮಾತಿದು. ಇದಕ್ಕಿಂತ ಘೋರವಾದದ್ದು ಅಪರಾಧಿ ಬುಡಕಟ್ಟುಗಳ ಕಾಯ್ದೆ. 1871ರಲ್ಲಿ ಉತ್ತರ ಭಾರತದಲ್ಲಿ ಆರಂಭವಾಗಿ 1911ರಲ್ಲಿ ದಕ್ಷಿಣಕ್ಕೂ ಹಬ್ಬಿದ ಈ ಕಾನೂನು ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪರಿಗಣಿಸಿತು. ಕೊರಮ, ಕೊರಚರಂಥ ಸಮುದಾಯಗಳ ಜನ ಠಾಣೆಗೆ ಹೋಗಿ ಹಾಜರಿ ಹಾಕಬೇಕಿತ್ತು, ಊರು ಬಿಡಲು ಅನುಮತಿ ಪಡೆಯಬೇಕಿತ್ತು, ಬೆರಳಚ್ಚು ಕೊಡಬೇಕಿತ್ತು. 1952ರಲ್ಲಿ ಆ ಕಾಯ್ದೆ ರದ್ದಾದರೂ ಅದರ ನೆರಳು ರೂಢಿಗತ ಅಪರಾಧಿಗಳ ಕಾನೂನಿನ ರೂಪದಲ್ಲಿ ಮುಂದುವರಿಯಿತು. ಒಂದು ಸಮುದಾಯದ ಹಿರಿಯರ ಹೆಸರು ಯಾವ ತಪ್ಪಿಗೂ ಅಲ್ಲದೆ ಠಾಣೆಯ ಪುಸ್ತಕದಲ್ಲಿತ್ತು ಎಂಬುದಕ್ಕೆ ಆ ಪುಸ್ತಕವೇ ಸಾಕ್ಷಿ. ಅದನ್ನು ಹಳೆಯ ಕಾಗದವೆಂದು ತೂಕಕ್ಕೆ ಹಾಕಿದರೆ, ಆದ ಅನ್ಯಾಯವನ್ನು ಮುಂದೆಂದೂ ಯಾರೂ ದೃಢಪಡಿಸಲಾಗದು. ಇಂಥ ರಿಜಿಸ್ಟರುಗಳನ್ನು ಸಂಶೋಧಕರಿಗೆ ತೋರಿಸುವಾಗ ಇಂದಿನ ಕುಟುಂಬಗಳ ಗೌರವಕ್ಕೆ ಧಕ್ಕೆಯಾಗದಂತೆ ಹೆಸರುಗಳನ್ನು ಮರೆಮಾಡಬಹುದು. ಸುಟ್ಟುಹಾಕುವುದು ಅದಕ್ಕೆ ಪರಿಹಾರವಲ್ಲ.

1928ರ ಸುಲ್ತಾನ್‌ಪೇಟೆಯ ಗಣಪತಿ ಗಲಭೆಯ ಬಗ್ಗೆ ನಮಗೆ ಇಷ್ಟಾದರೂ ತಿಳಿದಿರುವುದಕ್ಕೆ ಒಂದು ಮುಖ್ಯ ಕಾರಣ, ಸರ್ ಎಂ. ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿ ನೇಮಕವಾಗಿ ವರದಿಯೊಂದು ಸಿದ್ಧವಾದದ್ದು. ಶಾಲೆಯ ಆವರಣದ ಒಂದು ಗಣೇಶನ ವಿಗ್ರಹದ ಸುತ್ತ ಹುಟ್ಟಿದ ವಿವಾದ ಇಡೀ ನಗರವನ್ನು ಹೇಗೆ ಆವರಿಸಿತು, ಆಡಳಿತ ಎಲ್ಲಿ ಎಡವಿತು ಎಂದು ಕೇಳುವ ಧೈರ್ಯ ಅಂದಿನ ಸಂಸ್ಥಾನಕ್ಕಿತ್ತು. 1942ರ ಆಗಸ್ಟ್‌ನಲ್ಲಿ ಕ್ವಿಟ್ ಇಂಡಿಯಾ ಚಳವಳಿಗೆ ಇಳಿದವರ ಮೇಲೆ ಹಾರಿದ ಗುಂಡಿಗೆ ಬಲಿಯಾದವರ ಸ್ಮಾರಕ ಮೈಸೂರು ಬ್ಯಾಂಕ್ ವೃತ್ತದಲ್ಲಿದೆ. ಆ ವಾಹನದಟ್ಟಣೆಯ ನಡುವೆ ಅದನ್ನು ನಿಂತು ನೋಡುವವರು ಅಪರೂಪ. ಗುಂಡು ಹಾರಿಸಲು ಯಾರು ಆದೇಶ ಕೊಟ್ಟರು, ಯಾವ ಎಚ್ಚರಿಕೆಯ ನಂತರ ಕೊಟ್ಟರು ಎಂಬುದು ಆ ಕಲ್ಲಿನಿಂದ ತಿಳಿಯುವುದಿಲ್ಲ. ಅದಕ್ಕೆ ಕಡತವೇ ಬೇಕು. ಆ ದಿನ ಲಾಠಿ ಹಿಡಿದು ಎದುರಿಗೆ ನಿಂತಿದ್ದ ಪೇದೆಯೂ ಇದೇ ನಾಡಿನವನು, ಇದೇ ಭಾಷೆಯವನು. ಅವನ ಮನಸ್ಸಿನಲ್ಲಿ ಏನಿತ್ತೆಂದು ತಿಳಿಯುವ ಅವಕಾಶ ನಮಗೆ ಈಗಾಗಲೇ ತಪ್ಪಿಹೋಗಿದೆ.

1956ರ ಏಕೀಕರಣದ ನಂತರದ ಕಥೆ ಹೆಚ್ಚು ಕಾನೂನಿನದು. ಹಳೆಯ ಮೈಸೂರಿನಲ್ಲಿ 1908ರ ಪೊಲೀಸ್ ಕಾಯ್ದೆ, ಮುಂಬೈ ಕರ್ನಾಟಕದಲ್ಲಿ 1951ರ ಬಾಂಬೆ ಪೊಲೀಸ್ ಕಾಯ್ದೆ, ಮದರಾಸಿನಿಂದ ಬಂದ ಜಿಲ್ಲೆಗಳಲ್ಲಿ 1859ರ ಕಾಯ್ದೆ, ಹೈದರಾಬಾದ್ ಕರ್ನಾಟಕದಲ್ಲಿ ನಿಜಾಮರ ಕಾಲದ ಕಾನೂನು, ಹೀಗೆ ಒಂದೇ ರಾಜ್ಯದಲ್ಲಿ ಹಲವು ವ್ಯವಸ್ಥೆಗಳಿದ್ದವು. ಇವೆಲ್ಲವನ್ನೂ ತೆಗೆದು 1963ರ ಮೈಸೂರು ಪೊಲೀಸ್ ಕಾಯ್ದೆಯನ್ನು ತರಲಾಯಿತು. ಅದೇ ಇಂದಿನ ಕರ್ನಾಟಕ ಪೊಲೀಸ್ ಕಾಯ್ದೆ. ಅದೇ ವರ್ಷ ಬೆಂಗಳೂರಿಗೆ ಕಮಿಷನರ್ ಬಂದರು. ಕೋಲ್ಕತ್ತ, ಚೆನ್ನೈ, ಮುಂಬೈಗಳಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲೇ ಬಂದ ವ್ಯವಸ್ಥೆ ನಮ್ಮಲ್ಲಿಗೆ ನೂರು ವರ್ಷ ತಡವಾಗಿ ಬಂತು. ಇದರಿಂದಾದ ಬದಲಾವಣೆ ಹುದ್ದೆಯ ಹೆಸರಿನದು ಮಾತ್ರವಲ್ಲ. ಜಿಲ್ಲೆಗಳಲ್ಲಿ ನಿಷೇಧಾಜ್ಞೆ ಹೊರಡಿಸುವ ಅಧಿಕಾರ ಪೊಲೀಸ್ ವರಿಷ್ಠಾಧಿಕಾರಿಗಿಲ್ಲ, ಅದು ಜಿಲ್ಲಾಧಿಕಾರಿಯದು. ಕಮಿಷನರೇಟ್‌ನಲ್ಲಿ ಆ ಅಧಿಕಾರ, ಸಭೆ ಮೆರವಣಿಗೆಗಳಿಗೆ ಅನುಮತಿ ನೀಡುವ ಅಧಿಕಾರ, ಹಲವು ಪರವಾನಗಿಗಳ ಅಧಿಕಾರ ಎಲ್ಲವೂ ಪೊಲೀಸರ ಕೈಯಲ್ಲೇ ಸೇರುತ್ತವೆ. 1961ರಲ್ಲಿ ಸುಮಾರು 12 ಲಕ್ಷ ಜನರಿದ್ದ ಊರು 2011ರ ಜನಗಣತಿಯ ಹೊತ್ತಿಗೆ 84 ಲಕ್ಷ ದಾಟಿತು. ಅಷ್ಟು ಜನರ ದಿನನಿತ್ಯದ ಬದುಕಿನ ಮೇಲೆ ಇಷ್ಟು ಅಧಿಕಾರವುಳ್ಳ ಸಂಸ್ಥೆ ತನ್ನ ಅಧಿಕಾರವನ್ನು ಆರು ದಶಕ ಹೇಗೆ ಬಳಸಿತು ಎಂಬುದನ್ನು ತಿಳಿಯುವ ಹಕ್ಕು ಆ ಜನರಿಗಿದೆ.

ಇದನ್ನು ಹೇಳುವಾಗ ತುರ್ತು ಪರಿಸ್ಥಿತಿಯನ್ನು ಬಿಟ್ಟು ಮುಂದೆ ಹೋಗಲಾರೆ. 1976ರ ಮೇ ತಿಂಗಳಲ್ಲಿ ತಲೆಮರೆಸಿಕೊಂಡಿದ್ದ ಕಾರ್ಮಿಕ ನಾಯಕ ಜಾರ್ಜ್ ಫರ್ನಾಂಡಿಸ್ ಅವರ ತಮ್ಮ ಲಾರೆನ್ಸ್ ಫರ್ನಾಂಡಿಸ್ ಅವರನ್ನು ಬೆಂಗಳೂರಿನಲ್ಲಿ ವಶಕ್ಕೆ ತೆಗೆದುಕೊಂಡು, ಅಣ್ಣ ಎಲ್ಲಿದ್ದಾರೆಂದು ಬಾಯಿಬಿಡಿಸಲು ಚಿತ್ರಹಿಂಸೆ ನೀಡಲಾಯಿತು. ಅದೇ ವರ್ಷ ಬಂಧಿತರಾದ ಕಲಾವಿದೆ ಸ್ನೇಹಲತಾ ರೆಡ್ಡಿ ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ಆಸ್ತಮಾದಿಂದ ನರಳಿ, ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಆ ಕಾರಾಗೃಹ ಇಂದು ಫ್ರೀಡಂ ಪಾರ್ಕ್ ಆಗಿದೆ. ನಗರ ಪೊಲೀಸರ 2021ರ ಆದೇಶದ ಪ್ರಕಾರ ಬೆಂಗಳೂರಿನಲ್ಲಿ ಪ್ರತಿಭಟನೆ ಮಾಡಬೇಕೆಂದರೆ ಅಲ್ಲಿಯೇ ಮಾಡಬೇಕು. ಆ ಜಾಗದ ಹಿಂದಿನ ಕಥೆ ಗೊತ್ತಿಲ್ಲದ ಯುವಕರು ಅಲ್ಲಿ ಘೋಷಣೆ ಕೂಗುತ್ತಾರೆ, ಗೊತ್ತಿಲ್ಲದ ಯುವ ಪೇದೆಗಳು ಅಲ್ಲಿ ಕಾವಲು ನಿಲ್ಲುತ್ತಾರೆ. ಪೊಲೀಸ್ ತರಬೇತಿಯಲ್ಲಿ ಈ ಎರಡು ಪ್ರಕರಣಗಳನ್ನು ಕಡ್ಡಾಯವಾಗಿ ಕಲಿಸಬೇಕೆಂದು ನಾನು ಪ್ರಾಮಾಣಿಕವಾಗಿ ಬಯಸುತ್ತೇನೆ. ಇಲಾಖೆಯನ್ನು ಅವಮಾನಿಸುವುದಕ್ಕಲ್ಲ, ಮೇಲಿನವರ ಒತ್ತಡಕ್ಕೆ ಮಣಿದರೆ ಸಾಮಾನ್ಯ ಸಿಬ್ಬಂದಿಯ ಕೈಯಿಂದ ಏನೇನು ನಡೆದುಹೋಗುತ್ತದೆ ಎಂಬುದನ್ನು ಅವರದೇ ನಗರದ ಉದಾಹರಣೆಯಿಂದ ತಿಳಿಯಲೆಂದು.

ದಾಖಲೆಗಳ ವಿಷಯ ಬರಿಯ ಚರಿತ್ರಾಸಕ್ತರದು ಎಂದುಕೊಂಡವರಿಗೆ ಬಂದೋಬಸ್ತ್‌ನ ಉದಾಹರಣೆ ಕೊಡಬಯಸುತ್ತೇನೆ. ಪ್ರತಿ ವರ್ಷ ಚೈತ್ರ ಪೌರ್ಣಮಿಯ ರಾತ್ರಿ ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಾಲಯದಿಂದ ಹೊರಡುವ ಕರಗ, ಪೇಟೆಯ ಇಕ್ಕಟ್ಟಾದ ಬೀದಿಗಳಲ್ಲಿ ಸುತ್ತಿ, ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಹೋಗಿ, ಬೆಳಗಿನ ಹೊತ್ತಿಗೆ ಮರಳುತ್ತದೆ. ಲಕ್ಷಾಂತರ ಜನ ಸೇರುವ ಆ ರಾತ್ರಿ ಯಾವ ಗಲ್ಲಿಯ ಬಾಯಿಯಲ್ಲಿ ಹಗ್ಗ ಕಟ್ಟಬೇಕು, ಯಾವ ತಿರುವಿನಲ್ಲಿ ಜನ ಒತ್ತುತ್ತಾರೆ, ಕತ್ತಿ ಹಿಡಿದು ಕರಗದೊಡನೆ ಸಾಗುವ ವೀರಕುಮಾರರ ಸಾಲಿಗೆ ಎಷ್ಟು ಜಾಗ ಬಿಡಬೇಕು, ಯಾವ ಯಜಮಾನರೊಡನೆ ಮೊದಲೇ ಮಾತನಾಡಿರಬೇಕು ಎಂಬ ತಿಳಿವಳಿಕೆ ಹಳೆಯ ದಫೇದಾರರಿಂದ ಹೊಸ ಪೇದೆಗಳಿಗೆ ಬಾಯಿಂದ ಬಾಯಿಗೆ ಬಂದದ್ದು. ಅದನ್ನು ಯಾವ ಕೈಪಿಡಿಯೂ ಪೂರ್ತಿಯಾಗಿ ಹೇಳಲಾರದು. ಅದೇ ನಗರದಲ್ಲಿ 1981ರ ಫೆಬ್ರವರಿಯಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 90ಕ್ಕೂ ಹೆಚ್ಚು ಮಂದಿ ಸತ್ತರು, ಅವರಲ್ಲಿ ಹೆಚ್ಚಿನವರು ಮಕ್ಕಳು. ಬೆಂಕಿಯ ಜೊತೆಗೆ ಹೊರಬರುವ ದಾರಿಯಲ್ಲಾದ ನೂಕುನುಗ್ಗಲೂ ಆ ಸಾವುಗಳಿಗೆ ಕಾರಣವಾಗಿತ್ತು. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳ ಬಳಿ ನಡೆದ ಕಾಲ್ತುಳಿತದಲ್ಲಿ 11 ಜನ ಪ್ರಾಣ ಕಳೆದುಕೊಂಡರು. ಅದರ ಹೊಣೆ ಯಾರದೆಂಬ ವಾದಕ್ಕೆ ನಾನು ಇಲ್ಲಿ ಹೋಗುವುದಿಲ್ಲ, ಅದು ಆಯೋಗಗಳ ಮತ್ತು ನ್ಯಾಯಾಲಯದ ಕೆಲಸ. ನನ್ನ ಪ್ರಶ್ನೆ ಬೇರೆ. ಇಷ್ಟು ವರ್ಷ ಇಷ್ಟೊಂದು ಜನಸಂದಣಿಯನ್ನು ನಿಭಾಯಿಸಿದ ಒಂದು ಪೊಲೀಸ್ ವ್ಯವಸ್ಥೆ, ತನ್ನ ಅನುಭವವನ್ನು ತನ್ನಲ್ಲೇ ಒಂದೆಡೆ ಕೂಡಿಟ್ಟುಕೊಂಡಿದೆಯೇ? ಎರಡು ಮೂರು ವರ್ಷಕ್ಕೊಮ್ಮೆ, ಕೆಲವೊಮ್ಮೆ ಅದಕ್ಕೂ ಮೊದಲೇ, ವರ್ಗಾವಣೆಯಾಗುವ ಅಧಿಕಾರಿಗಳು ಬಂದು ಹೋಗುತ್ತಾರೆ. ಹಳೆಯ ಬಂದೋಬಸ್ತ್ ಯೋಜನೆಗಳು, ಅವು ಎಲ್ಲಿ ಕೆಲಸ ಮಾಡಿದವು ಎಲ್ಲಿ ಸೋತವು ಎಂಬ ಟಿಪ್ಪಣಿಗಳು ಒಂದು ಕಡೆ ಇದ್ದರೆ ಹೊಸದಾಗಿ ಬಂದವರು ಮೊದಲಿನಿಂದ ಕಲಿಯಬೇಕಾಗುವುದಿಲ್ಲ.

ಕೆಳದರ್ಜೆಯ ಸಿಬ್ಬಂದಿಯ ನೆನಪುಗಳ ಬಗ್ಗೆಯೂ ಒಂದು ಮಾತು. ಚರಿತ್ರೆ ಎಂದ ಕೂಡಲೇ ಕಮಿಷನರ್‌ಗಳ ಹೆಸರುಗಳನ್ನು ಚಿನ್ನದ ಅಕ್ಷರದಲ್ಲಿ ಫಲಕದ ಮೇಲೆ ಬರೆಸಿದರೆ ಸಾಕೆಂಬ ಭಾವನೆ ಎಲ್ಲ ಕಚೇರಿಗಳಲ್ಲೂ ಇದೆ. ಈ ನಗರದ ಪೊಲೀಸ್ ಕೆಲಸವನ್ನು ನಿಜವಾಗಿ ನಡೆಸಿದವರು ಬೀಟ್ ತಿರುಗಿದ, ಮಹಜರು ಬರೆದ, ಹಬ್ಬದ ದಿನ ಮನೆಯಲ್ಲಿರದ ಪೇದೆಗಳು ಮತ್ತು ದಫೇದಾರರು. ಸಂಬಳ, ರಜೆ, ಕೆಲಸದ ಅವಧಿಯ ಬಗ್ಗೆ ಅವರ ಅಸಮಾಧಾನ 2016ರಲ್ಲಿ ಸಾಮೂಹಿಕ ರಜೆಯ ಕರೆಯ ರೂಪದಲ್ಲಿ ಹೊರಬಿದ್ದಾಗಲೇ ಬಹುಮಂದಿ ನಾಗರಿಕರು ಮೊದಲ ಬಾರಿಗೆ ಅವರ ಬದುಕಿನ ಬಗ್ಗೆ ಯೋಚಿಸಿದರು. ವೇತನದ ಬಗ್ಗೆ ಔರಾದಕರ್ ಸಮಿತಿಯ ಶಿಫಾರಸುಗಳು ಬಂದದ್ದೂ ಆ ದಿನಗಳಲ್ಲೇ. 2017ರಲ್ಲಿ ನೀಲಮಣಿ ಎನ್. ರಾಜು ರಾಜ್ಯದ ಪೊಲೀಸ್ ಪಡೆಯ ಮುಖ್ಯಸ್ಥರಾದ ಮೊದಲ ಮಹಿಳೆಯಾದರು ಎಂಬುದು ದಾಖಲೆಯಲ್ಲಿದೆ. ಮಹಿಳೆಯರಿಗೆ ಪ್ರತ್ಯೇಕ ವಿಶ್ರಾಂತಿ ಕೋಣೆಯೂ ಇಲ್ಲದ ಠಾಣೆಗಳಲ್ಲಿ ಸೇವೆ ಆರಂಭಿಸಿದ ಮಹಿಳಾ ಪೇದೆಗಳ ಅನುಭವ ಎಲ್ಲಿ ದಾಖಲಾಗಿದೆ? 1970ರ ದಶಕದಲ್ಲಿ ಸೇವೆಗೆ ಸೇರಿದವರು ಈಗ ಎಪ್ಪತ್ತರ ಆಚೀಚೆ ಇದ್ದಾರೆ. ಅವರು ಗೋಕಾಕ್ ಚಳವಳಿಯನ್ನು ಕಂಡವರು, 1991ರ ಕಾವೇರಿ ಗಲಭೆಯಲ್ಲಿ ಬೀದಿಯಲ್ಲಿ ನಿಂತವರು. ಅವರ ಮಾತನ್ನು ಅವರದೇ ಕನ್ನಡದಲ್ಲಿ ಧ್ವನಿಮುದ್ರಿಸಿಕೊಳ್ಳಲು ದೊಡ್ಡ ಖರ್ಚೇನೂ ಬೇಡ. ನಮ್ಮ ವಿಶ್ವವಿದ್ಯಾಲಯಗಳ ಇತಿಹಾಸ ಮತ್ತು ಜಾನಪದ ವಿಭಾಗದ ವಿದ್ಯಾರ್ಥಿಗಳು ಈ ಕೆಲಸವನ್ನು ಸಂತೋಷದಿಂದ ಮಾಡಬಲ್ಲರು, ಇಲಾಖೆಯಿಂದ ಅವರಿಗೆ ಬೇಕಾದದ್ದು ಒಂದು ಪರಿಚಯ ಪತ್ರ.

ನೆರೆಯ ನಗರಗಳು ಏನು ಮಾಡಿವೆ ಎಂದು ನೋಡಿದರೆ ನಮ್ಮ ಉದಾಸೀನ ಇನ್ನಷ್ಟು ಎದ್ದು ಕಾಣುತ್ತದೆ. ಮುಂಬೈ ಪೊಲೀಸರ ಚರಿತ್ರೆಯನ್ನು ಅಲ್ಲಿನ ಮಾಜಿ ಕಮಿಷನರ್ ಒಬ್ಬರು 1923ರಷ್ಟು ಹಿಂದೆಯೇ ಬರೆದು ಪ್ರಕಟಿಸಿದರು. ಹದಿನೇಳನೆಯ ಶತಮಾನದ ಭಂಡಾರಿ ಕಾವಲುಪಡೆಯಿಂದ ಹಿಡಿದು ತಮ್ಮ ಕಾಲದವರೆಗಿನ ಕಥೆಯನ್ನು, ಹಿಂದಿನ ಅಧಿಕಾರಿಗಳ ಲಂಚಗುಳಿತನವನ್ನೂ ಮುಚ್ಚಿಡದೆ, ಅವರು ಹೇಳಿದ್ದಾರೆ. ಕೋಲ್ಕತ್ತದಲ್ಲಿ ಪೊಲೀಸ್ ವಸ್ತುಸಂಗ್ರಹಾಲಯವಿದೆ. ಚೆನ್ನೈನಲ್ಲಿ ಎಗ್ಮೋರಿನ ಹಳೆಯ ಕಮಿಷನರ್ ಕಚೇರಿಯ ಕಟ್ಟಡವನ್ನೇ ದುರಸ್ತಿ ಮಾಡಿ 2021ರಲ್ಲಿ ಸಾರ್ವಜನಿಕರಿಗೆ ವಸ್ತುಸಂಗ್ರಹಾಲಯವಾಗಿ ತೆರೆಯಲಾಯಿತು. ಬೆಂಗಳೂರು ಹಿಂದೆ ಬೀಳಬೇಕಾದ ಕಾರಣವೇ ಇಲ್ಲ. ಇನ್‌ಫೆಂಟ್ರಿ ರಸ್ತೆಯ ಕಮಿಷನರ್ ಕಚೇರಿಯ ಆಸುಪಾಸಿನಲ್ಲಾಗಲಿ, ಪೇಟೆಯ ಯಾವುದಾದರೂ ಹಳೆಯ ಠಾಣಾ ಕಟ್ಟಡದಲ್ಲಾಗಲಿ ಇಂಥದ್ದೊಂದನ್ನು ಆರಂಭಿಸಬಹುದು. ಆದರೆ ಬಂದೂಕು, ಬ್ಯಾಡ್ಜು, ಹಳೆಯ ಟೋಪಿಗಳ ಪ್ರದರ್ಶನಕ್ಕೆ ಅದು ಸೀಮಿತವಾಗಬಾರದು. ಪೇಟೆ ಮತ್ತು ದಂಡಿನ ಎರಡು ಪೊಲೀಸ್ ವ್ಯವಸ್ಥೆಗಳ ನಕ್ಷೆ, ಪ್ಲೇಗಿನ ವರ್ಷದ ಆದೇಶಗಳು, 1928 ಮತ್ತು 1942ರ ಕಾಗದಗಳು, ಬುಡಕಟ್ಟು ಸಮುದಾಯಗಳ ಹಾಜರಿ ಪುಸ್ತಕಗಳು, ತುರ್ತು ಪರಿಸ್ಥಿತಿಯ ಬಂಧನದ ದಾಖಲೆಗಳು ಅಲ್ಲಿರಬೇಕು.

ವಸ್ತುಸಂಗ್ರಹಾಲಯಕ್ಕೆ ಹಣ ಬೇಕು, ಜಾಗ ಬೇಕು, ಅದು ನಿಧಾನವಾಗಿ ಆಗಲಿ. ಈಗಲೇ ಆಗಬೇಕಾದದ್ದು ಅದಕ್ಕಿಂತ ಸಣ್ಣದು. 1963ಕ್ಕಿಂತ ಹಿಂದಿನ ಯಾವುದೇ ಕಡತ, ರಿಜಿಸ್ಟರು, ನಕ್ಷೆ, ಛಾಯಾಚಿತ್ರವನ್ನು ರಾಜ್ಯ ಪತ್ರಾಗಾರ ಇಲಾಖೆಯ ಅಧಿಕಾರಿಗಳು ನೋಡಿ ಒಪ್ಪಿಗೆ ಕೊಡುವವರೆಗೆ ನಾಶಪಡಿಸಕೂಡದು ಎಂಬ ಒಂದು ಪುಟದ ಸುತ್ತೋಲೆಯನ್ನು ನಗರ ಪೊಲೀಸ್ ಕಮಿಷನರ್ ಅವರು ಎಲ್ಲ ಠಾಣೆಗಳಿಗೆ ಕಳಿಸಿದರೆ ಸಾಕು. ಠಾಣೆಯನ್ನು ಹೊಸ ಕಟ್ಟಡಕ್ಕೆ ಸ್ಥಳಾಂತರಿಸುವ ಮುನ್ನ ಅಲ್ಲಿರುವ ಹಳೆಯ ಕಾಗದಗಳ ಪಟ್ಟಿ ಮಾಡಿಸುವುದು, ಮಾಲ್‌ಖಾನೆಯಲ್ಲಿ (ವಶಪಡಿಸಿಕೊಂಡ ವಸ್ತುಗಳನ್ನಿಡುವ ಕೋಣೆ) ವಾರಸುದಾರರಿಲ್ಲದೆ ಉಳಿದ ಹಳೆಯ ವಸ್ತುಗಳನ್ನು ಹರಾಜಿಗೆ ಹಾಕುವ ಮೊದಲು ನ್ಯಾಯಾಲಯದ ಅನುಮತಿಯೊಂದಿಗೆ ಅವುಗಳ ಚಾರಿತ್ರಿಕ ಮೌಲ್ಯ ಪರಿಶೀಲಿಸುವುದು ಕೂಡ ಅದೇ ಸುತ್ತೋಲೆಯಲ್ಲಿ ಸೇರಲಿ. ಗೃಹ ಇಲಾಖೆ ಮತ್ತು ಪತ್ರಾಗಾರ ಇಲಾಖೆ ಈ ಬಗ್ಗೆ ಜಂಟಿಯಾಗಿ ನಿರ್ಧಾರ ತೆಗೆದುಕೊಂಡು, ಆ ನಿರ್ಧಾರವನ್ನು ಸಾರ್ವಜನಿಕವಾಗಿ ಪ್ರಕಟಿಸಬೇಕೆಂದು ನಿಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ. ನಿವೃತ್ತ ಪೊಲೀಸರ ಮನೆಗಳಲ್ಲಿ ಹಳೆಯ ಸೇವಾ ಪುಸ್ತಕಗಳು, ಛಾಯಾಚಿತ್ರಗಳು, ಸ್ವಂತ ದಿನಚರಿಗಳು ಇದ್ದರೆ ಅವರ ಕುಟುಂಬದವರು ಅವನ್ನು ಎಸೆಯದೆ, ಕನಿಷ್ಠ ಪ್ರತಿಗಳನ್ನಾದರೂ ರಾಜ್ಯ ಪತ್ರಾಗಾರಕ್ಕೆ ಒದಗಿಸಲಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಇತಿಹಾಸ ಉಪನ್ಯಾಸಕ
ಬಸವನಗುಡಿ, ಬೆಂಗಳೂರು